ನಿನ್ನೆ ಏನು ತಿಂದಿರಿ?

ನಿನ್ನೆ ಏನು ತಿಂದಿರಿ, ಎಂದು ಕೇಳುತ್ತೀಯ,
ತೊಡೆಯ ಮೇಲೆ ಹಲಗೆ, ಹಲಗೆ ಕಚ್ಚಿದ ಕಾಗದ.
ಡಾಕರಿನ ಹುಡುಗಿ, ಅರಾಮ್, ಮೊದಲು ಕೂರು.
ಆ ಮಣೆಯಲ್ಲ, ಅದರ ಕಾಲು ಕುಂಟು. ಇದು.

ಬೆಳಿಗ್ಗೆ ಬ್ರೆಡ್ಡು. ಬರೆದುಕೋ.
ಗೋಧಿ ಈ ಮರಳಲ್ಲಿ ಬೆಳೆಯುವುದಿಲ್ಲ, ಹಡಗಿನಲ್ಲಿ ಬರುತ್ತದೆ.
ಎಲ್ಲೋ ಎರಡು ದೇಶ ಜಗಳಾಡಿದರೆ
ನಮ್ಮ ಬೀದಿಯ ಬ್ರೆಡ್ಡು ನಾಲ್ಕು ಬೆರಳು ಗಿಡ್ಡವಾಗುತ್ತದೆ.
ಜೊತೆಗೆ ಕಾಫಿ. ಸಕ್ಕರೆ ಎಷ್ಟು ಚಮಚ?
ಸುಳ್ಳು ಹೇಳಲೇ, ನಿಜ ಹೇಳಲೇ?
ನಾಲ್ಕು.

ಮಧ್ಯಾಹ್ನ ಅನ್ನ.
ಅನ್ನವೆಂದರೆ ನುಚ್ಚು.
ನನ್ನ ಅಜ್ಜಿಯ ಅಜ್ಜಿಯ ಕಾಲಕ್ಕೆ ಫ್ರೆಂಚರು
ಯಾವುದೋ ದೂರದ ಗಿರಣಿಯ ನೆಲ ಗುಡಿಸಿ ಇಲ್ಲಿ ಸುರಿದರಂತೆ.
ತಿಂದು ತಿಂದು ಅದೇ ರುಚಿ ಹತ್ತಿತು.
ಈಗ ಇಡಿಯಕ್ಕಿ ಕೊಟ್ಟರೆ ಮೂಗು ಮುರಿಯುತ್ತೇವೆ,
ಮುರಿದ ಅಕ್ಕಿಗೆ ಮುರಿದ ಮೂಗು!

ಎಣ್ಣೆ, ಧಾರಾಳ. ಸಾರಿನ ಬಿಲ್ಲೆ, ಎರಡು.
ತರಕಾರಿ, ಒಂದು ಗಜ್ಜರಿ. ಹನ್ನೊಂದು ಹೋಳು ಮಾಡಿದೆ,
ಕತ್ತಿ ಹರಿತವಿದ್ದುದರಿಂದ ಆಯಿತು.

ಮೀನು?

ಮೀನು ಕೇಳಿದೆಯಲ್ಲ, ಹಿತ್ತಿಲ ಕಡೆ ನೋಡು.
ಆ ಒಲೆಸಾಲಿನ ಮುಂದೆ ಮೂವತ್ತೊಂದು ವರ್ಷ
ಯಾಬೋಯ್ ಮೀನಿಗೆ ಹೊಗೆ ಕೊಟ್ಟವಳು ನಾನು.
ಈ ಕಣ್ಣು ಕೆಂಪಗಿರುವುದು ಅಳುವಿನಿಂದಲ್ಲ.
ಅಂಗೈಯಷ್ಟು ಮೀನು, ಮೈತುಂಬ ಮುಳ್ಳು, ಬಡವರ ನೆಂಟ.
ಒಣಗಿದರೆ ಗಡಿ ದಾಟಿ ಮಾಲಿಗೂ ಹೋಗುತ್ತಿತ್ತು,
ಕಡಲು ಕಾಣದವರ ಗಂಜಿಗೂ ಕಡಲಿನ ವಾಸನೆ.

ಈಗ ದೋಣಿ ದಡ ಮುಟ್ಟುವ ಮೊದಲೇ ಲಾರಿ ನಿಂತಿರುತ್ತದೆ.
ಕಾರ್ಖಾನೆ ಅದನ್ನು ಬೇಯಿಸಿ, ಹಿಂಡಿ, ಪುಡಿ ಮಾಡಿ
ಎಲ್ಲೋ ತಣ್ಣೀರಲ್ಲಿ ಸಾಕಿದ ಮೀನಿಗೆ ಉಣಿಸುತ್ತದಂತೆ.
ಮೀನಿಗೆ ಮೀನು!
ಆ ಮೀನು ತಿನ್ನುವವರ ಮನೆಗೂ
ಯಾರಾದರೂ ಹಲಗೆ ಹಿಡಿದು ಹೋಗುತ್ತಾರೆಯೇ?
ನಿನ್ನೆ ಏನು ತಿಂದಿರಿ ಎಂದರೆ
ಈ ಹಿತ್ತಿಲಿನ ಹೆಸರು ಹೇಳುತ್ತಾರೆಯೇ?

ಸರಿ, ಬರೆ. ಮೀನು ಎರಡು. ಹನ್ನೊಂದು ಜನಕ್ಕೆ.

ನನ್ನ ಪಾಲು ಎಷ್ಟೆಂದು ಕೇಳಬೇಡ.
ನಿನ್ನ ಕಾಗದದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮನೆ ಗೀಚಿದೆ,
ನಮ್ಮದು ಒಂದೇ ಹರಿವಾಣ.
ಮೀನು ನಡುವೆ. ಮುರಿದು ತಳ್ಳುವುದು ಹಿರಿಯಳ ಬೆರಳು,
ಈ ಬೆರಳು.
ಗಂಡನ ಕಡೆಗೊಂದು ತುಂಡು,
ದುಡಿದು ಬಂದ ಮಗನ ಕಡೆಗೊಂದು,
ಬಾಗಿಲಿಗೆ ಯಾರಾದರೂ ಬಂದಿದ್ದರೆ, ದೊಡ್ಡದು, ಅವರಿಗೆ.
ಸೊಸೆ ದಿಯಾರಾಗೆ ಆರು ತಿಂಗಳು.
ಅವಳ ಮುಂದೆ ಬರೀ ಕೆಂಪನ್ನ.

ಇದನ್ನು ನಾನು ಬಾಯಿಬಿಟ್ಟು ಹೇಳಿದ್ದಿಲ್ಲ.
ನೀನು ಕೇಳಿದೆ, ನನ್ನ ಬೆರಳು ನನಗೆ ಕಂಡಿತು.
ದಡದಲ್ಲಿ ಒಂದು ಲಾರಿಯಿದೆ, ಅದನ್ನು ಊರೇ ಬೈಯುತ್ತದೆ.
ಇನ್ನೊಂದು, ಸಣ್ಣದು,
ನನ್ನ ಕೈಯೊಳಗೇ ಓಡಾಡಿಕೊಂಡಿದೆ.

ಹೋದ ತಿಂಗಳು ಒಲೆಸಾಲಿನ ಹೆಂಗಸರು
ಚೀಟಿಹಣ ಒಟ್ಟುಮಾಡಿ, ಲಾರಿಯವನಿಗಿಂತ ಮೇಲೆ ಕೂಗಿ
ಒಂದು ದೋಣಿಯ ಮೀನು ಹಿಡಿದೆವು. ಒಂದೇ. ನಗಬೇಡ.
ಚೂರಾದದ್ದನ್ನು ಕುಟ್ಟಿ, ಸಜ್ಜೆಹಿಟ್ಟಿಗೆ ಬೆರೆಸಿ
ಶಾಲೆಯಲ್ಲಿ ಗಂಜಿ ಕಾಸಿದಳು ನಮ್ಮ ಎನ್ದುಂಬೆ.
ಮೊದಲ ದಿನ ಮಕ್ಕಳು ಉಗಿದರು.
ಎರಡನೆಯ ದಿನ ಹುರಿದ ಶೇಂಗಾ ಹಾಕಿದೆವು.
ಮೂರನೆಯ ದಿನ ಬಟ್ಟಲು ಕೆರೆಯುವ ಸದ್ದು
ಹೊರಗಿನ ಬೇವಿನ ಮರದವರೆಗೂ ಕೇಳಿತು.
ನಾಲ್ಕನೆಯ ದಿನ ಮೀನು ಮುಗಿಯಿತು, ಚೀಟಿಯೂ.
ಆದರೂ ಕೆಲವರು ಬಟ್ಟಲು ಹಿಡಿದು ನಿಂತರಂತೆ.
ಆದ್ದರಿಂದ ಮತ್ತೆ ಚೀಟಿ ಕಟ್ಟುತ್ತಿದ್ದೇವೆ,
ನಾನು ಸಕ್ಕರೆಯಲ್ಲಿ ಎರಡು ಚಮಚ ಕಡಿಮೆ ಮಾಡಿ,
ನಾಳೆಯಿಂದ.

ಹೊತ್ತಾಯಿತು, ಕೈ ತೊಳೆ. ಹಲಗೆ ಆಚೆ ಇಡು,
ಎಣ್ಣೆ ತಾಗೀತು.
ಇವತ್ತು ಮೀನು ಒಂದೇ.
ನೀನು ಅತಿಥಿ, ಪದ್ಧತಿಯಂತೆ ಅದು ನಿನ್ನ ಕಡೆಗೆ ಬರಬೇಕು.
ಬರುವುದಿಲ್ಲ. ತಪ್ಪು ತಿಳಿಯಬೇಡ.

ದಿಯಾರಾ, ಅಲ್ಲಿ ಮೂಲೆಯಲ್ಲಲ್ಲ,
ಇಲ್ಲಿ ಬಾ, ನನ್ನ ಬಲಕ್ಕೆ ಕೂರು.

ಅರಾಮ್,
ಈ ಪ್ರಶ್ನೆಯನ್ನು ನಾಳೆ ಬಂದು ಇನ್ನೊಮ್ಮೆ ಕೇಳು.
ನನ್ನನ್ನಲ್ಲ, ಇವಳನ್ನು.